ಮನೆಯಲ್ಲಿ ಸಿಗರೇಟು ಸುತ್ತುತ್ತಿದ್ದ ಹಳೇ ಮಷೀನುಗಳು: ಸಂಗ್ರಹಕ್ಕೆ ಇಳಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕಪಾಟಿನಲ್ಲಿ ಈಗ ಇಂಥ 34 ಮಷೀನುಗಳಿವೆ. ಮನೆಗೆ ಬಂದವರು ಒಂದನ್ನು ಕೈಗೆತ್ತಿಕೊಂಡರೆ ಏನಾದರೂ ಕೇಳದೆ ಕೆಳಗಿಡುವುದಿಲ್ಲ. ಪತ್ರ ಬರೆದು ಕೇಳುವವರೂ ಇದ್ದಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಬರೆದಿದ್ದೇನೆ. ಹೊಸಬರಿಗೆ ಬೇಕಾದದ್ದು ಮೊದಲು, ಕೈ ಪಳಗಿದವರಿಗೆ ಬೇಕಾದದ್ದು ಕೊನೆಗೆ.

## ಈಗ ಶುರು ಮಾಡುವವರಿಗೆ

ಸಿಗರೇಟು ಸುತ್ತೋ ಮಷೀನ್ ಫ್ಯಾಕ್ಟರಿಯಲ್ಲಿ ಇರೋದಲ್ವಾ? ಮನೇಲಿ ಇರ್ತಿದ್ದದ್ದು ಎಂಥದ್ದು?

ಎರಡೂ ಬೇರೆ ಬೇರೆ. ಫ್ಯಾಕ್ಟರಿ ಮಷೀನಿನ ಕಥೆಯಲ್ಲಿ ದೊಡ್ಡ ಹೆಸರು ಅಮೆರಿಕದ ವರ್ಜೀನಿಯಾದ ಜೇಮ್ಸ್ ಬೊನ್ಸಾಕ್ ಅವರದು. 1881ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಅವರ ಮಷೀನು 10 ಗಂಟೆಯಲ್ಲಿ ಸುಮಾರು 1,20,000 ಸಿಗರೇಟು ಮಾಡುತ್ತಿತ್ತು. ಆಗ ಕೈಯಲ್ಲಿ ಸುತ್ತುವ ಕೆಲಸಗಾರರು, ಎಷ್ಟೇ ಪಳಗಿದ್ದರೂ, ನಿಮಿಷಕ್ಕೆ ನಾಲ್ಕರ ಆಸುಪಾಸು ಮಾಡುತ್ತಿದ್ದರು.

ನಾವು ಕೂಡಿಸುವುದು ಅಂಗೈಯಲ್ಲಿ ಹಿಡಿಯುವ, ಹೆಚ್ಚೆಂದರೆ ಮೇಜಿನ ಮೇಲೆ ಕೂರುವ ಮಷೀನನ್ನು. ಒಂದು ಸಲಕ್ಕೆ ಒಂದೇ ಸಿಗರೇಟು. ಬಿಡಿ ತಂಬಾಕು, ತೆಳು ಪೇಪರ್ ತಂದು ಮನೆಯಲ್ಲೇ ಸುತ್ತಿಕೊಳ್ಳುತ್ತಿದ್ದವರ ಬೆರಳಿನ ಕೆಲಸವನ್ನು ಇದು ಮಾಡುತ್ತಿತ್ತು. ಸುತ್ತುವ ಚಾಕಚಕ್ಯತೆ ಎಲ್ಲರ ಕೈಗೂ ಬರುವುದಿಲ್ಲ. ಅದು ಬಾರದವರಿಗಾಗಿ ಹುಟ್ಟಿದ ವಸ್ತು ಇದು.

ನಾನು ಸಿಗರೇಟು ಸೇದೋದೇ ಇಲ್ಲ. ಇವನ್ನ ಇಟ್ಕೊಳ್ಳೋದು ಸರೀನಾ?

ನಾನೂ ಸೇದುವುದಿಲ್ಲ. ಸಿಗರೇಟು ಜೀವ ತೆಗೆಯುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಕೈಯಲ್ಲಿ ಸುತ್ತಿದ್ದು ಕಡಿಮೆ ಕೆಟ್ಟದ್ದು ಎಂಬ ನಂಬಿಕೆ ಕೆಲವರಲ್ಲಿದೆ. ಅದು ತಪ್ಪು. ಅದರಲ್ಲೂ ಅದೇ ನಿಕೋಟಿನ್, ಅದೇ ಟಾರ್.

ನನ್ನನ್ನು ಹಿಡಿದದ್ದು ಇವುಗಳ ಒಳಗಿನ ಉಪಾಯ. ಒಂದು ತುಂಡು ಬಟ್ಟೆ, ಎರಡು ಕಡ್ಡಿ, ಒಂದು ಕೀಲು ಇಷ್ಟರಲ್ಲೇ ನೂರಾರು ಜನ ನೂರಾರು ಥರ ತಲೆ ಓಡಿಸಿದ್ದಾರೆ. ಅದನ್ನು ನೋಡಲು ಸೇದುವ ಅಗತ್ಯವಿಲ್ಲ. ನನ್ನ ಕಪಾಟಿನಲ್ಲಿ ತಂಬಾಕು ಇಲ್ಲ. ಸಂಗ್ರಹಕ್ಕೆ ಇಳಿಯುವ ಎಲ್ಲರಿಗೂ ಹಾಗೇ ಇರಿ ಎಂದೇ ಹೇಳುತ್ತೇನೆ. ಸೇದುವುದು ಬಿಟ್ಟು ಸ್ವಲ್ಪ ಕಾಲವಷ್ಟೇ ಆಗಿರುವವರು ಮಾತ್ರ ಈ ಹವ್ಯಾಸವನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಿ. ವಾಸನೆ, ಕೈಯ ಚಲನೆ, ಎರಡೂ ಹಳೇ ಆಸೆಯನ್ನು ಕೆರಳಿಸಬಲ್ಲವು.

ಒಟ್ಟು ಎಷ್ಟು ಥರ ಇವೆ? ನೋಡೋಕೆ ಎಲ್ಲಾ ಒಂದೇ ಥರ ಕಾಣ್ತವೆ.

ಹೊರಗೆ ಒಂದೇ ಥರ ಕಂಡರೂ ಒಳಗಿನ ಕೆಲಸ ನೋಡಿದರೆ ಮುಖ್ಯವಾಗಿ ಮೂರು ಕುಲ.

ಮೊದಲನೆಯದು ಜೋಡಿ ರೋಲರ್. ಎರಡು ಸಣ್ಣ ರೋಲರ್, ಅವುಗಳ ಸುತ್ತ ಬಳೆಯ ಹಾಗೆ ಒಂದು ಪಟ್ಟಿ. ರೋಲರ್‌ಗಳನ್ನು ಸ್ವಲ್ಪ ಅಗಲಿಸಿದರೆ ಪಟ್ಟಿ ನಡುವೆ ತೊಟ್ಟಿಲಿನಂತೆ ಇಳಿಯುತ್ತದೆ. ತಂಬಾಕನ್ನು ಅದರಲ್ಲಿ ಹರಡಿ, ರೋಲರ್ ಮುಚ್ಚಿ, ಹೆಬ್ಬೆರಳಿನಿಂದ ತಿರುಗಿಸಿದರೆ ತಂಬಾಕು ಕಡ್ಡಿಯಾಗುತ್ತದೆ. ಆಮೇಲೆ ಪೇಪರನ್ನು ಸಂದಿಗೆ ತೂರಿಸಿ, ಅಂಟಿನ ಅಂಚು ಒದ್ದೆ ಮಾಡಿ, ಮತ್ತೆ ತಿರುಗಿಸಬೇಕು. ಇಂದಿಗೂ ಮಾರುವ ಅಗ್ಗದ ಪ್ಲಾಸ್ಟಿಕ್ ಮಷೀನು ಇದೇ ಕುಲದ್ದು.

ಎರಡನೆಯದು ಮುಚ್ಚಳದ ಡಬ್ಬಿ. ನನಗೆ ತುಂಬಾ ಇಷ್ಟವಾದದ್ದು. ಜೇಬಿನಲ್ಲಿ ಇಡುವ ತಗಡಿನ ಡಬ್ಬಿ. ಒಳಗೆ ತಂಬಾಕಿಗೆ ಜಾಗ, ಒಂದು ಓಡಾಡುವ ಕಡ್ಡಿ, ಸಡಿಲವಾಗಿ ಕಟ್ಟಿದ ಬಟ್ಟೆ ಪಟ್ಟಿ. ಪಟ್ಟಿಯ ಮಡಿಕೆಯಲ್ಲಿ ತಂಬಾಕು, ಪೇಪರ್ ಇಟ್ಟು ಮುಚ್ಚಳ ಹಾಕುತ್ತಿದ್ದಂತೆ ಕಡ್ಡಿ ಮುಂದೆ ಸರಿದು, ಮಡಿಕೆ ಉರುಳಿ, ಮುಚ್ಚಳದ ಸೀಳಿನಿಂದ ಸುತ್ತಿದ ಸಿಗರೇಟು ಹೊರಗೆ ಬಂದು ಕೂರುತ್ತದೆ. ಮೊದಲ ಸಲ ನೋಡಿದವರು ಮತ್ತೊಮ್ಮೆ ತೋರಿಸಿ ಎನ್ನದೆ ಬಿಡುವುದಿಲ್ಲ.

ಮೂರನೆಯದು ತುಂಬುವ ಮಷೀನು. ಇದು ಸುತ್ತುವುದೇ ಇಲ್ಲ. ಮೊದಲೇ ಸಿದ್ಧವಾದ ಖಾಲಿ ಪೇಪರ್ ಕೊಳವೆಗೆ ತಂಬಾಕನ್ನು ತಳ್ಳುತ್ತದೆ. ರಷ್ಯಾದಲ್ಲಿ ಪಾಪಿರೋಸಾ ಎಂಬ, ರಟ್ಟಿನ ಬಾಯಿಯುಳ್ಳ ಸಿಗರೇಟು ಬಳಕೆಯಲ್ಲಿತ್ತು. ಅದರ ಖಾಲಿ ಕೊಳವೆಗಳನ್ನು ತಂದು ಮನೆಯಲ್ಲೇ ತುಂಬಿಕೊಳ್ಳುತ್ತಿದ್ದರು. ಅದಕ್ಕೆ ಬಳಸುತ್ತಿದ್ದದ್ದು ಉದ್ದಕ್ಕೆ ಬಿಚ್ಚುವ ಒಂದು ಹಿತ್ತಾಳೆ ನಳಿಕೆ, ಜೊತೆಗೆ ಒಂದು ತಳ್ಳುಕಡ್ಡಿ. ಎಷ್ಟೋ ಜನ ಇದನ್ನು ಏನೋ ಡಾಕ್ಟರ ಉಪಕರಣ ಎಂದುಕೊಂಡು ಬೇರೆ ರಾಶಿಗೆ ಹಾಕಿರುತ್ತಾರೆ. ಹುಡುಕುವಾಗ ಇದು ನೆನಪಿರಲಿ.

ಎಷ್ಟು ಹಳೇದಾದ್ರೆ ಆಂಟಿಕ್ ಅನ್ನಬಹುದು?

ರೂಢಿಯಲ್ಲಿ 100 ವರ್ಷ ದಾಟಿದ್ದು ಆಂಟಿಕ್, ಅದಕ್ಕಿಂತ ಹೊಸದು ವಿಂಟೇಜ್. ಸುಲಭವಾಗಿ ಸಿಗುವುದು ಎರಡು ಮಹಾಯುದ್ಧಗಳ ನಡುವಿನವು. 1929ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಪ್ಯಾಕೆಟ್ ಸಿಗರೇಟು ಕೊಳ್ಳಲಾಗದವರು ಬಿಡಿ ತಂಬಾಕಿಗೆ ತಿರುಗಿದರು. ಕಂಪನಿಗಳು ತಂಬಾಕಿನ ಜೊತೆಗೇ ಪುಟ್ಟ ಮಷೀನನ್ನು ಸೇರಿಸಿ ಮಾರಿದವು. ಬ್ಯೂಗ್ಲರ್ ತಂಬಾಕಿನ ಉಳಿತಾಯದ ಪೆಟ್ಟಿಗೆ ಅಂಥದ್ದು. ಅದರಲ್ಲಿ ತಂಬಾಕು, ಪೇಪರ್, ರೋಲರ್ ಮೂರೂ ಇರುತ್ತಿದ್ದವು.

ನೂರು ತುಂಬಿಲ್ಲ ಎಂದು ಇವನ್ನು ಬಿಡಬೇಡಿ. ಜನರ ಕಷ್ಟಕಾಲದ ಗುರುತು ಇರುವುದು ಇವುಗಳಲ್ಲೇ.

ಮೊದಲನೇದಾಗಿ ಯಾವುದು ತಗೊಳ್ಳಲಿ?

ಮುಚ್ಚಳದ ತಗಡು ಡಬ್ಬಿ, ಪಟ್ಟಿ ಇರುವುದು, ಮುಚ್ಚಳ ಪೂರ್ತಿ ಮುಚ್ಚುವುದು. ಬಣ್ಣ ಹೋಗಿದ್ದರೂ ಪರವಾಗಿಲ್ಲ. ಕೆಲಸ ಮಾಡುವ ಒಂದು ಡಬ್ಬಿಯನ್ನು ಹತ್ತಿಪ್ಪತ್ತು ಸಲ ತೆಗೆದು ಮುಚ್ಚಿದರೆ ಪುಸ್ತಕ ಓದಿ ತಿಳಿಯದ್ದು ತಿಳಿಯುತ್ತದೆ. ಬೆಳ್ಳಿಯದು, ತುಂಬಾ ಅಪರೂಪದ್ದು ಎಲ್ಲ ಆಮೇಲೆ.

## ಕೊಳ್ಳುವಾಗ

ಫೋಟೋ ನೋಡಿಯೇ ಕೊಳ್ಳಬೇಕು. ಮಾರೋವ್ರನ್ನ ಏನೇನು ಕೇಳ್ಲಿ?

ಮುಚ್ಚಳ ತೆರೆದ ಫೋಟೋ ಕೇಳಿ. ಇದೊಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಮುಚ್ಚಿದ ಡಬ್ಬಿಯ ಚಂದದ ಫೋಟೋ ಮಾತ್ರ ಹಾಕಿದ್ದಾರೆ ಎಂದರೆ ಒಳಗೆ ಪಟ್ಟಿ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ.

ಪಟ್ಟಿ ಎರಡೂ ತುದಿಯಲ್ಲಿ ಹಿಡಿದಿದೆಯಾ, ಕಡ್ಡಿ ತನ್ನ ಹಳಿಯಲ್ಲಿ ಓಡಾಡುತ್ತದಾ, ಕೀಲಿನ ಪಿನ್ನು ಎರಡೂ ಕಡೆ ಇವೆಯಾ ಎಂದು ಕೇಳಿ. ತಳದ ಫೋಟೋ ಬೇಕು, ಯಾಕೆಂದರೆ ಬರಹ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಫೋಟೋ. ಕೊನೆಯದಾಗಿ, ಡಬ್ಬಿಯನ್ನು ಬಲವಂತವಾಗಿ ತೆಗೆದು ಪರೀಕ್ಷೆ ಮಾಡಬೇಡಿ ಎಂದು ಅವರಿಗೆ ಹೇಳಿ. ಒಣಗಿದ ಪಟ್ಟಿ ಒಂದೇ ಎಳೆತಕ್ಕೆ ಪುಡಿಯಾಗುತ್ತದೆ. ನಾನು ಕೊಂಡ ಒಂದು ಜರ್ಮನ್ ಡಬ್ಬಿ ಹಾಗೇ ಆಯಿತು. ಕೆಲಸ ಮಾಡುತ್ತದೆ ಎಂದು ತೋರಿಸಲು ಹೋಗಿ ಮಾರುವವರು ಪಟ್ಟಿಯನ್ನೇ ಹರಿದುಬಿಟ್ಟಿದ್ದರು.

ಪಟ್ಟಿ ಹರಿದಿದ್ರೆ ಬೇಡ ಅಂತ ಬಿಟ್ಟುಬಿಡಬೇಕಾ?

ಬಿಡಬೇಕಿಲ್ಲ. ಹರಿದ ಪಟ್ಟಿಗೂ ಇಲ್ಲದ ಪಟ್ಟಿಗೂ ಅಜಗಜಾಂತರ. ಹರಿದ ತುಂಡು ಉಳಿದಿದ್ದರೆ ಉದ್ದ, ಅಗಲ, ದಪ್ಪ, ಬಟ್ಟೆಯ ಬಗೆ, ಎಲ್ಲಿ ಅಂಟಿಸಿದ್ದರು ಎಂಬುದು ಎಲ್ಲಾ ಅದರಲ್ಲಿ ಬರೆದಿಟ್ಟಂತೆ ಇರುತ್ತದೆ. ಹೊಸದನ್ನು ಮಾಡಲು ಅದೇ ಅಚ್ಚು. ಪೂರ್ತಿ ಕಾಣೆಯಾಗಿದ್ದರೆ ಅದೇ ಮಾದರಿಯ ಇನ್ನೊಂದು ಕಣ್ಣಿಗೆ ಬೀಳುವವರೆಗೆ ನಾವು ಊಹೆಯಲ್ಲೇ ಇರಬೇಕು. ಪಟ್ಟಿ ಇಲ್ಲದ್ದಕ್ಕೆ ಕಡಿಮೆ ಕೊಡಿ. ಹರಿದದ್ದಕ್ಕೆ ಅಷ್ಟು ಚೌಕಾಸಿ ಮಾಡಬೇಡಿ.

ಕಂಪನಿ ಹೆಸರಿಲ್ಲ, ಏನೋ ಅಕ್ಷರಗಳು ಮಾತ್ರ ಇವೆ. ಎಲ್ಲಿಯದು ಅಂತ ಗೊತ್ತಾಗುತ್ತಾ?

ಎಷ್ಟೋ ಸಲ ಆ ಅಕ್ಷರಗಳೇ ಸಾಕು.

ಡಿ.ಆರ್.ಪಿ. ಇದ್ದರೆ ಜರ್ಮನಿಯ ಪೇಟೆಂಟ್. ಈ ವ್ಯವಸ್ಥೆ 1877ರಲ್ಲಿ ಶುರುವಾಯಿತು. ಡಿ.ಆರ್.ಜಿ.ಎಂ. ಎಂದರೆ ಅದೇ ದೇಶದ ಇನ್ನೊಂದು ಬಗೆಯ ನೋಂದಣಿ, ಸಣ್ಣಪುಟ್ಟ ಸುಧಾರಣೆಗೂ ಸಿಗುತ್ತಿದ್ದದ್ದು. ಅದು ಬಂದದ್ದು 1891ರಲ್ಲಿ. ಸಿಗರೇಟು ಮಷೀನುಗಳಲ್ಲಿ ನನಗೆ ಹೆಚ್ಚು ಕಂಡದ್ದು ಇದೇ. ಎರಡರಲ್ಲೂ ರೈಖ್ ಎಂಬ ಪದ, ಅಂದರೆ ಆಗಿನ ಜರ್ಮನ್ ರಾಷ್ಟ್ರದ ಹೆಸರು, ಅಡಗಿದೆ, ಹಾಗಾಗಿ ಎರಡನೇ ಮಹಾಯುದ್ಧದ ಜೊತೆ ಇವುಗಳ ಕಾಲ ಮುಗಿಯಿತು. ಜರ್ಮನಿ, ಯು.ಎಸ್. ಜೋನ್ (ಅಮೆರಿಕದ ಸೇನೆಯ ಹಿಡಿತದಲ್ಲಿದ್ದ ಭಾಗ) ಎಂದಿದ್ದರೆ ಯುದ್ಧ ಮುಗಿದ ಮೊದಲ ಕೆಲವು ವರ್ಷಗಳದು. ವೆಸ್ಟರ್ನ್ ಜರ್ಮನಿ ಎಂದಿದ್ದರೆ 1949ರ ನಂತರದ್ದು.

ಫ್ರಾನ್ಸಿನದ್ದಕ್ಕೆ ಬ್ರೆವೆತೆ ಎಸ್.ಜಿ.ಡಿ.ಜಿ. ಎಂದು ಇರುತ್ತದೆ. ಪೇಟೆಂಟ್ ಕೊಟ್ಟಿದ್ದೇವೆ, ಆದರೆ ಅದು ಕೆಲಸ ಮಾಡುತ್ತದೆಂದು ಸರ್ಕಾರದ ಖಾತರಿ ಇಲ್ಲ ಎಂಬುದು ಅದರ ಅರ್ಥ. 1844ರ ಕಾನೂನಿನಿಂದ 1968ರವರೆಗೆ ಇದನ್ನು ಬಳಸಿದರು. ಇಷ್ಟು ಉದ್ದದ ಕಾಲವಾದ್ದರಿಂದ ವರ್ಷ ಹಿಡಿಯಲು ಇದೊಂದೇ ಸಾಲದು. ಬ್ರಿಟನ್ನಿನದ್ದಕ್ಕೆ ಆರ್.ಡಿ. ಎಂಬ ಅಕ್ಷರ, ಪಕ್ಕದಲ್ಲಿ ನಂಬರ್. ಅದು ನೋಂದಾಯಿತ ವಿನ್ಯಾಸ, 1884ರಿಂದ ಒಂದೇ ಸರಣಿಯಲ್ಲಿ ನಡೆದದ್ದು. ಆಕ್ಯುಪೈಡ್ ಜಪಾನ್ ಎಂದಿದ್ದರೆ 1952ಕ್ಕಿಂತ ಈಚಿನದ್ದಲ್ಲ.

ಅಮೆರಿಕದ ಪೇಟೆಂಟ್ ನಂಬರ್ ಇದೆ. ಅದರಿಂದ ವರ್ಷ ಹೇಳಬಹುದಾ?

ಹೇಳಬಹುದು, ಸುಲಭವಾಗಿ. 1900ರ ಮೊದಲ ನಂಬರ್ 640167. 1910ಕ್ಕೆ 945010, 1920ಕ್ಕೆ 1326899, 1930ಕ್ಕೆ 1742181, 1940ಕ್ಕೆ 2185170, 1950ಕ್ಕೆ 2492944. ನಿಮ್ಮ ನಂಬರ್ ಯಾವ ಎರಡರ ನಡುವೆ ಬೀಳುತ್ತದೆ ನೋಡಿ. ನಂಬರ್ ಇಲ್ಲದೆ ಬರೀ ಪೇಟೆಂಟ್ ತಾರೀಖು ಇದ್ದರೆ ಅದು 1927ಕ್ಕಿಂತ ಹಿಂದಿನದ್ದಾಗಿರುವ ಸಂಭವ ಹೆಚ್ಚು. ಆ ವರ್ಷ ನಂಬರ್ ಹಾಕಲೇಬೇಕು ಎಂದು ಕಾನೂನು ಬದಲಾಯಿತು.

ಒಂದು ಎಚ್ಚರಿಕೆ. ಇದು ಪೇಟೆಂಟ್ ಸಿಕ್ಕ ವರ್ಷ, ಮಷೀನು ತಯಾರಾದ ವರ್ಷವಲ್ಲ. ಆಗ ಪೇಟೆಂಟಿನ ಅವಧಿ 17 ವರ್ಷ. 1925ರ ನಂಬರ್ ಇರುವ ಡಬ್ಬಿ 1940ರಲ್ಲಿ ತಯಾರಾಗಿರಬಹುದು.

ನಂಬರ್ ಸಿಕ್ಕಿದ ಮೇಲೆ ಅಲ್ಲಿಗೇ ನಿಲ್ಲಬೇಡಿ. ಹಳೇ ಪೇಟೆಂಟ್‌ಗಳನ್ನು ಚಿತ್ರಗಳ ಸಮೇತ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಓದಬಹುದು. ಮಷೀನನ್ನು ಉದ್ದಕ್ಕೆ ಸೀಳಿದಂತೆ ಬಿಡಿಸಿದ ಚಿತ್ರ ಇರುತ್ತದೆ. ಪಟ್ಟಿಯನ್ನು ಎಲ್ಲಿ ಸಿಕ್ಕಿಸಿದ್ದರು, ಎಷ್ಟು ಸಡಿಲ ಬಿಟ್ಟಿದ್ದರು ಎಂಬುದು ಅದರಲ್ಲಿ ಕಾಣುತ್ತದೆ. ನನ್ನ ಮೂರು ಮಷೀನುಗಳು ಮತ್ತೆ ಓಡಾಡಿದ್ದು ಆ ಚಿತ್ರಗಳಿಂದಲೇ.

ಒಂದಕ್ಷರವೂ ಇಲ್ಲ. ಆಗ ಹೇಗೆ ಕಾಲ ಹಿಡಿಯೋದು?

ಪಟ್ಟಿಯ ಅಗಲ ಅಳೆಯಿರಿ. ಸಿಗರೇಟಿನ ಉದ್ದ ಅದರಿಂದ ತಿಳಿಯುತ್ತದೆ. ಹಳೇ ಮಾಮೂಲಿ ಸಿಗರೇಟಿನ ಉದ್ದ 70 ಮಿಲಿಮೀಟರ್. 85 ಮಿಲಿಮೀಟರಿನ ಕಿಂಗ್ ಸೈಜ್ ಅನ್ನು ಅಮೆರಿಕದಲ್ಲಿ ಪಾಲ್ ಮಾಲ್ ಎಂಬ ಬ್ರ್ಯಾಂಡ್ ತಂದದ್ದು 1939ರಲ್ಲಿ. ಫಿಲ್ಟರ್ ಜನಪ್ರಿಯವಾದದ್ದು 1950ರ ದಶಕದಲ್ಲಿ. ಹಾಗಾಗಿ ಫಿಲ್ಟರ್ ಇಡಲೆಂದೇ ಜಾಗ ಮಾಡಿರುವ ಮಷೀನನ್ನು 1900ರದ್ದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ವಸ್ತುವೂ ಸುಳಿವು ಕೊಡುತ್ತದೆ. ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಕಂಡುಹಿಡಿದದ್ದು 1907ರಲ್ಲಿ, ಹಾಗಾಗಿ ಅದು ಇರುವ ಮಷೀನು ಅದಕ್ಕಿಂತ ಹಳೆಯದಲ್ಲ. ಮೃದುವಾದ, ಬಗ್ಗುವ ಪ್ಲಾಸ್ಟಿಕ್ ಪಟ್ಟಿ ಇದ್ದರೆ ಒಂದೋ ಮಷೀನು ಯುದ್ಧದ ನಂತರದ್ದು, ಇಲ್ಲವೇ ಪಟ್ಟಿ ಬದಲಾಗಿದೆ.

ರಿಜ್ಲಾ, ಎಫ್ಕಾ, ಓಸಿಬಿ ಅಂತೆಲ್ಲ ಹೆಸರು ಕಾಣುತ್ತೆ. ಏನು ಅರ್ಥ?

ಇವೆಲ್ಲ ಮೊದಲು ಪೇಪರ್ ಮಾಡಿದವರ ಹೆಸರು, ಮಷೀನು ಬಂದದ್ದು ಪೇಪರಿನ ಬೆನ್ನಿಗೆ. ರಿಜ್ಲಾ ಫ್ರಾನ್ಸಿನ ಲಾಕ್ರುವಾ ಮನೆತನದ್ದು. ರಿ ಎಂದರೆ ಅಕ್ಕಿ, ಅಂದರೆ ರೈಸ್ ಪೇಪರ್. ಲಾ ಕ್ರುವಾ ಎಂದರೆ ಶಿಲುಬೆ, ಅದಕ್ಕೇ ಹೆಸರಿನ ಕೊನೆಗೆ ಶಿಲುಬೆಯ ಗುರುತು. ಎಫ್ಕಾ ಜರ್ಮನಿಯ ಟ್ರೊಸಿಂಗೆನ್ ಊರಿನ ಫ್ರಿಟ್ಸ್ ಕೀನ್ ಅವರ ಹೆಸರಿನ ಎರಡು ಮೊದಲಕ್ಷರಗಳು, ಜರ್ಮನ್ ಉಚ್ಚಾರದಲ್ಲಿ ಎಫ್ ಮತ್ತು ಕಾ. ಓಸಿಬಿ ಎಂದರೆ ಒದೆ, ಕಸ್ಕಾದೆಕ್, ಬೊಲೋರೆ. ಮೊದಲೆರಡು ಕಾಗದದ ಗಿರಣಿ ಇದ್ದ ಜಾಗಗಳು, ಮೂರನೆಯದು ಮಾಲೀಕರ ಮನೆತನ. ಜಾಬ್ ಎಂದು ಓದುವ ಹೆಸರು ಮೊದಲು ಜೆ, ಬಿ ಎಂಬ ಎರಡೇ ಅಕ್ಷರ, ಜಾನ್ ಬಾರ್ದು ಎಂಬವರದು. ನಡುವೆ ವಜ್ರದ ಗುರುತು ಇತ್ತು. ಜನ ಅದನ್ನು ಓ ಎಂದು ಓದಿಕೊಂಡರು.

ಬೆಳ್ಳೀದು ಅಂತ ಹೇಳ್ತಿದ್ದಾರೆ. ನಂಬಬಹುದಾ?

ಹೊಳಪು ನೋಡಿ ನಂಬಬೇಡಿ. ಮನೆಯ ಮಷೀನುಗಳಲ್ಲಿ ಹೆಚ್ಚಿನವು ತಗಡು ಇಲ್ಲವೇ ನಿಕ್ಕಲ್ ಲೇಪದ ಹಿತ್ತಾಳೆ. ಇಂಗ್ಲಿಷ್ ಬೆಳ್ಳಿಯಾದರೆ ನಡೆಯುತ್ತಿರುವ ಸಿಂಹದ ಮುದ್ರೆ ಇರಬೇಕು, ಪಕ್ಕದಲ್ಲಿ ಪರೀಕ್ಷೆ ಮಾಡಿದ ಊರಿನ ಗುರುತು, ವರ್ಷದ ಅಕ್ಷರ. ಲಂಗರದ ಚಿತ್ರ ಇದ್ದರೆ ಬರ್ಮಿಂಗ್‌ಹ್ಯಾಂ. ಇ.ಪಿ.ಎನ್.ಎಸ್. ಎಂದಿದ್ದರೆ ಬೆಳ್ಳಿಯ ಲೇಪ ಮಾತ್ರ.

ನಕಲಿ ಮಾಡ್ತಾರಾ ಇವನ್ನ?

ಪೂರ್ತಿ ನಕಲಿ ನನಗೆ ಸಿಕ್ಕಿದ್ದು ಕಡಿಮೆ. ಜಾಸ್ತಿ ಕಾಣುವುದು ಕಲಬೆರಕೆ. ಒಂದರ ಮುಚ್ಚಳ, ಇನ್ನೊಂದರ ತಳ. ಮುಚ್ಚಿದಾಗ ಸಂದಿ ಎಲ್ಲ ಕಡೆ ಒಂದೇ ಥರ ಇದೆಯಾ, ಸವೆತ ಎರಡರಲ್ಲೂ ಹೊಂದುತ್ತದಾ ನೋಡಿ. ದಿನಾ ಬೆರಳು ತಾಗುವ ಕಡೆ ಬಣ್ಣ ಹೋಗಿರಬೇಕು, ತಾಗದ ಕಡೆ ಉಳಿದಿರಬೇಕು. ಎಲ್ಲ ಕಡೆ ಒಂದೇ ಸಮ ಕೆರೆದಂತೆ ಇದ್ದರೆ ಅದು ಬೇಕೆಂದೇ ಹಳೆಯದು ಮಾಡಿದ್ದು. ಇನ್ನೊಂದು: ತಂಬಾಕು ಕಂಪನಿಯ ಹಳೇ ಚಿತ್ರವನ್ನು ಹೊಸದಾಗಿ ಅಂಟಿಸಿದ ಡಬ್ಬಿಗಳು. ತಗಡಿನ ಮೇಲೆ ನೇರ ಅಚ್ಚು ಹಾಕಿದ್ದಕ್ಕೆ ಅಂಚು ಇರುವುದಿಲ್ಲ, ಅಂಟಿಸಿದ ಕಾಗದಕ್ಕೆ ಉಗುರು ತಾಗುತ್ತದೆ.

## ಮನೆಗೆ ತಂದ ಮೇಲೆ

ತುಂಬಾ ಕೊಳೆಯಾಗಿದೆ. ಸೋಪು ಹಾಕಿ ತೊಳೆದ್ರೆ ಆಗುತ್ತಾ?

ಬೇಡ, ದಯವಿಟ್ಟು ಬೇಡ. ನನ್ನ ಮೊದಲ ಡಬ್ಬಿಯನ್ನು ನಾನು ಹಾಗೇ ಹಾಳು ಮಾಡಿದೆ. ಸೋಪು ನೀರಿನಲ್ಲಿ ಅದ್ದಿದೆ. ಕೀಲಿನೊಳಗೆ ನೀರು ನಿಂತು ವಾರದಲ್ಲಿ ತುಕ್ಕು ಹಿಡಿಯಿತು, ಅಚ್ಚು ಹಾಕಿದ ಚಿತ್ರದ ಬಿರುಕುಗಳಿಂದ ನೀರು ಇಳಿದು ಬಣ್ಣ ಹೊಪ್ಪಳಿಕೆಯಾಗಿ ಎದ್ದಿತು. ಪಟ್ಟಿ ಮುದುಡಿತು. ಆ ಡಬ್ಬಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಮೊದಲು ಮೆತ್ತನೆ ಬ್ರಷ್ಷಿನಿಂದ ಧೂಳು, ತಂಬಾಕಿನ ಪುಡಿ ತೆಗೆಯಿರಿ. ಈ ಕೆಲಸಕ್ಕೆ ಕೈಗವಸು, ಮುಖಕ್ಕೆ ಮಾಸ್ಕ್ ಇರಲಿ. ಹಳೇ ಕಂದು ಜಿಡ್ಡಿನಲ್ಲಿ ನಿಕೋಟಿನ್ ಇರುತ್ತದೆ, ಹಳೇ ಬಣ್ಣ ಮತ್ತು ಬೆಸುಗೆಯಲ್ಲಿ ಸೀಸ ಇರಬಹುದು. ಚಿತ್ರವಿರುವ ತಗಡಿಗೆ ಒಣ ಬಟ್ಟೆ ಸಾಕು. ಆಮೇಲೆ ಮ್ಯೂಸಿಯಂಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಬಹುದು. ಹಿತ್ತಾಳೆಯನ್ನು ಕನ್ನಡಿಯಂತೆ ಉಜ್ಜಬೇಡಿ. ನಿಕ್ಕಲ್ ಲೇಪವನ್ನಂತೂ ಪಾಲಿಶ್ ಪೇಸ್ಟ್ ಹಾಕಿ ಉಜ್ಜಲೇಬೇಡಿ. ಲೇಪ ತೆಳು, ಒಮ್ಮೆ ಹೋದರೆ ಹೋಯಿತು. ಕೀಲಿಗೆ ಹೊಲಿಗೆ ಮಷೀನಿನ ಎಣ್ಣೆ ಒಂದೇ ಹನಿ, ಅದೂ ಸೂಜಿಯ ತುದಿಯಿಂದ, ಪಟ್ಟಿಗೆ ತಾಗದ ಹಾಗೆ.

ತಂಬಾಕಿನ ವಾಸನೆ ಹೋಗ್ತಾನೇ ಇಲ್ಲ. ಏನ್ಮಾಡ್ಲಿ?

ಪುಡಿಯೆಲ್ಲ ತೆಗೆದ ಮೇಲೆ, ಒಂದು ದೊಡ್ಡ ಡಬ್ಬದಲ್ಲಿ ಅಡುಗೆ ಸೋಡಾ ಅಥವಾ ಇದ್ದಿಲಿನ ಬಟ್ಟಲು ಇಟ್ಟು, ಪಕ್ಕದಲ್ಲಿ ಮಷೀನನ್ನು ತೆರೆದಿಟ್ಟು ಎರಡು ವಾರ ಮುಚ್ಚಿಡಿ. ಎರಡೂ ತಾಗುವುದು ಬೇಡ. ಸೆಂಟು, ಸ್ಪ್ರೇ ಹಾಕಬೇಡಿ. ಬಿಸಿಲಿಗೆ ಇಡುವುದೂ ಬೇಡ, ಬಣ್ಣ ಮಂಕಾಗುತ್ತದೆ, ರಬ್ಬರ್ ಬಿರಿಯುತ್ತದೆ.

ಹೊಸ ಪಟ್ಟಿ ಹಾಕೋದು ಹೇಗೆ?

ಪತ್ರಗಳಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹಳೇ ಮಷೀನುಗಳ ಪಟ್ಟಿ ರಬ್ಬರ್ ಲೇಪಿಸಿದ ಬಟ್ಟೆ, ಮೇಣಬಟ್ಟೆ, ತೆಳು ಚರ್ಮ ಇವುಗಳಲ್ಲಿ ಒಂದಾಗಿರುತ್ತಿತ್ತು. ಹೊಸದಕ್ಕೆ ಒತ್ತಾಗಿ ನೇಯ್ದ ತೆಳು ಹತ್ತಿ ಬಟ್ಟೆ ಚೆನ್ನಾಗಿ ಒಪ್ಪುತ್ತದೆ. ಎಳೆದರೆ ಹಿಗ್ಗುವ ಬಟ್ಟೆ ಆಗುವುದಿಲ್ಲ. ನೇಯ್ಗೆಯ ಉದ್ದೆಳೆ ಪಟ್ಟಿಯ ಉದ್ದಕ್ಕೇ ಇರಬೇಕು, ಓರೆಯಾಗಿ ಕತ್ತರಿಸಿದರೆ ಸಿಗರೇಟು ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯ ಸಡಿಲ. ಸುತ್ತಿದ ಸಿಗರೇಟಿನ ಅಡ್ಡಳತೆ ಸುಮಾರು 8 ಮಿಲಿಮೀಟರ್, ಅಂದರೆ ಸುತ್ತಳತೆ 25. ಪಟ್ಟಿ ತನ್ನ ಮಡಿಕೆಯಲ್ಲಿ ಅಷ್ಟು ಸುತ್ತನ್ನು ಹಿಡಿಯಬೇಕು. ಬಿಗಿಯಾದರೆ ಕಡ್ಡಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ, ಒತ್ತಿದರೆ ಕೀಲು ಮುರಿಯುತ್ತದೆ. ಜಾಸ್ತಿ ಸಡಿಲವಾದರೆ ಸುತ್ತು ಬಿಗಿಯಾಗುವುದಿಲ್ಲ. ನಾನು ಮೊದಲು ಕಾಗದದ ಪಟ್ಟಿ ಕತ್ತರಿಸಿ, ಒಂದೊಂದೇ ಮಿಲಿಮೀಟರ್ ಹೆಚ್ಚುಕಡಿಮೆ ಮಾಡಿ, ಮುಚ್ಚಳ ಹಗುರವಾಗಿ ಮುಚ್ಚುವ ಅಳತೆ ಸಿಕ್ಕ ಮೇಲೆ ಬಟ್ಟೆಗೆ ಕತ್ತರಿ ಹಾಕುತ್ತೇನೆ. ಒಂದು ಸಂಜೆ ಬೇಕಾಗುತ್ತದೆ. ಅಷ್ಟು ಹೊತ್ತು ಕೂತಿರುವುದು ನನಗೆ ಇಷ್ಟ.

ಅಂಟಿಸಲು ಮುಂದೆ ಬಿಡಿಸಿ ತೆಗೆಯಬಹುದಾದ ಅಂಟನ್ನೇ ಬಳಸಿ. ದಿಢೀರ್ ಅಂಟು, ಎಪಾಕ್ಸಿ ಬೇಡ. ಮೂಲದಲ್ಲಿ ಪಟ್ಟಿಯನ್ನು ತಗಡಿನ ಮಡಿಕೆಯಲ್ಲಿ ಸಿಕ್ಕಿಸಿದ್ದರೆ ಆ ಮಡಿಕೆಯನ್ನು ಬಿಚ್ಚಬೇಡಿ, ಹಳೇ ತಗಡು ಎರಡನೇ ಸಲ ಬಗ್ಗಿಸಿದರೆ ತುಂಡಾಗುತ್ತದೆ. ಅಂಥ ಕಡೆ ಉಳಿದ ಹಳೇ ತುದಿಗೆ ಹೊಸ ಪಟ್ಟಿಯನ್ನು ಹೊಲಿಯುವುದೇ ಮೇಲು. ತೆಗೆದ ಹಳೇ ಪಟ್ಟಿಯನ್ನು ಎಸೆಯಬೇಡಿ. ಲಕೋಟೆಗೆ ಹಾಕಿ, ಯಾವ ಮಷೀನಿನದು, ಯಾವತ್ತು ತೆಗೆದದ್ದು ಎಂದು ಬರೆಯಿರಿ.

ಇದು ಬೇಕಲೈಟಾ, ಸೆಲ್ಯುಲಾಯ್ಡಾ? ಗೊತ್ತಾದ್ರೆ ಏನು ಉಪಯೋಗ?

ಉಪಯೋಗ ಇದೆ, ಏಕೆಂದರೆ ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ಒಂದು ಹಳೇ ಪ್ಲಾಸ್ಟಿಕ್. ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಫಿನಾಯಿಲಿನಂಥ ಘಾಟು ಬಂದರೆ ಬೇಕಲೈಟ್. ಕಾದ ಸೂಜಿ ಚುಚ್ಚಿ ನೋಡಿ ಎಂದು ಕೆಲವರು ಹೇಳುತ್ತಾರೆ. ಅದು ಅಪಾಯ, ಮಾಡಬೇಡಿ.

ಸೆಲ್ಯುಲಾಯ್ಡ್ ಹಾಳಾಗಲು ಶುರುವಾದರೆ ಜಿಗುಟಾಗುತ್ತದೆ, ಬಿರುಕು ಬಿಡುತ್ತದೆ, ಹೊರಬರುವ ಆಮ್ಲದ ಹಬೆ ಪಕ್ಕದ ಲೋಹವನ್ನೂ ತಿನ್ನುತ್ತದೆ. ಅಂಥದ್ದನ್ನು ಬೇರೆಯಾಗಿ, ತಂಪಾದ, ಗಾಳಿಯಾಡುವ ಜಾಗದಲ್ಲಿ ಇಡಿ.

ಮಷೀನ್ ಹೇಗೆ ಕೆಲಸ ಮಾಡುತ್ತೆ ಅಂತ ಜನಕ್ಕೆ ತೋರಿಸ್ಬೇಕು. ತಂಬಾಕು ಇಲ್ದೆ ಆಗುತ್ತಾ?

ಧಾರಾಳವಾಗಿ. ಉಣ್ಣೆ ದಾರವನ್ನು ಸಣ್ಣಗೆ ಕತ್ತರಿಸಿ ಹಾಕಿ. ಪಟ್ಟಿಗೆ ಕಲೆಯಾಗುವುದಿಲ್ಲ, ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಪೇಪರಿನ ಅಂಚನ್ನು ನಾಲಿಗೆಯಿಂದ ಒದ್ದೆ ಮಾಡಬೇಡಿ, ಒದ್ದೆ ಸ್ಪಂಜಿಗೆ ತಾಗಿಸಿದರೆ ಸಾಕು. ಮೂಲ ಪಟ್ಟಿ ಇರುವುದನ್ನು ಪದೇ ಪದೇ ಓಡಿಸಬೇಡಿ. ನಾನು ತೋರಿಸಲೆಂದೇ ಹೊಸ ಪಟ್ಟಿ ಹಾಕಿದ ಎರಡು ಡಬ್ಬಿ ಇಟ್ಟಿದ್ದೇನೆ. ಸುತ್ತಿದ್ದನ್ನು ಸೇದುವ ಪ್ರಶ್ನೆಯೇ ಇಲ್ಲ. ಹಳೇ ಪಟ್ಟಿಯಲ್ಲಿ, ಬಣ್ಣದಲ್ಲಿ ಏನೇನಿದೆಯೋ ಎಲ್ಲ ಎದೆಗೆ ಹೋಗುತ್ತದೆ. ಮಕ್ಕಳಿಗೆ ತೋರಿಸುವಾಗ ನಾನು ಇದನ್ನು ಪಟ್ಟಿ-ರೋಲರ್‌ನ ಯಂತ್ರವಾಗಿ ವಿವರಿಸುತ್ತೇನೆ, ಏನು ಸುತ್ತುತ್ತಿದ್ದರು, ಅದರಿಂದ ಏನಾಯಿತು ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ.

ಎಲ್ಲಿ, ಹೇಗೆ ಇಡೋದು?

ತೇವ ಕಡಿಮೆ ಇರಲಿ, ಸುಮಾರು 40ರಿಂದ 50 ಶೇಕಡಾ. 60 ದಾಟಿದರೆ ತಗಡಿಗೆ ತುಕ್ಕು ಬರುತ್ತದೆ. ತೀರಾ ಒಣಗಿದರೆ ಚರ್ಮ ಬಿರಿಯುತ್ತದೆ. ಮುಚ್ಚಳವನ್ನು ಅರ್ಧ ತೆರೆದು, ಪಟ್ಟಿ ಬಿಗಿಯಾಗದ ಸ್ಥಿತಿಯಲ್ಲಿ ಇಡಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ. ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಬ್ಯಾಂಡ್ ಕರಗಿ ಬಣ್ಣಕ್ಕೂ ಅಂಟುತ್ತದೆ.

## ಕೈ ಪಳಗಿದವರಿಗೆ

ಡಬ್ಬಿ ಒಳಗೆ ಹಳೇ ತಂಬಾಕು, ಪೇಪರ್ ಪ್ಯಾಕೆಟ್ ಸಿಕ್ತು. ಏನು ಮಾಡೋದು?

ಮೊದಲು ಬೇರೆ ಮಷೀನುಗಳಿಂದ ದೂರ ಇಡಿ. ಒಣ ತಂಬಾಕಿನಲ್ಲಿ ಒಂದು ಸಣ್ಣ ಕಂದು ಹುಳ ಇರುತ್ತದೆ, ಅದು ಕಾಗದ, ಚರ್ಮ, ಪೆಟ್ಟಿಗೆಯ ರಟ್ಟಿಗೂ ಹೋಗುತ್ತದೆ. ತಂಬಾಕನ್ನು ತೆಗೆದು ಎಸೆಯುವುದು ಒಳ್ಳೆಯದು. ಮೊಹರು ಒಡೆಯದ ಪ್ಯಾಕೆಟ್ ಆಗಿದ್ದು ಉಳಿಸಲೇಬೇಕೆಂದರೆ, ಗಾಳಿ ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಎರಡು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬೇಡಿ. ತಂಬಾಕನ್ನು ಅಂಚೆಯಲ್ಲಿ ಕಳಿಸಲು ಹಲವು ದೇಶಗಳಲ್ಲಿ ನಿರ್ಬಂಧವಿದೆ, ಮಷೀನು ಕಳಿಸುವಾಗ ಒಳಗೆ ಚೂರೂ ಉಳಿದಿರಬಾರದು.

ಪೇಪರ್ ಪ್ಯಾಕೆಟ್ ಮಾತ್ರ ಜೋಪಾನ. ಹಾಳೆಗಳು ಒಂದರೊಳಗೊಂದು ಮಡಿಕೆಯಾಗಿ, ಒಂದು ಎಳೆದರೆ ಇನ್ನೊಂದರ ತುದಿ ಹೊರಬರುವ ಹಾಗೆ ಇದೆಯಾ ನೋಡಿ. ಆ ಬಗೆಯ ಜೋಡಣೆಯನ್ನು ಜಿಗ್-ಜಾಗ್ ಎಂಬ ಪೇಪರ್ ಕಂಪನಿಯ ಬ್ರೌನ್‌ಸ್ಟೈನ್ ಸಹೋದರರು 1894ರಲ್ಲಿ ತಂದರು. ಕಂಪನಿಯ ಹೆಸರೂ ಅದರದೇ.

ಪೆಟ್ಟಿಗೆ, ಸೂಚನೆ ಚೀಟಿ ಇದ್ರೆ ಅಷ್ಟೊಂದು ಬೆಲೆ ಯಾಕೆ?

ಮಷೀನು ಗಟ್ಟಿ, ಕಾಗದ ಅಲ್ಲ. ಸುತ್ತುವುದು ಕಲಿತ ಮೊದಲ ದಿನವೇ ಜನ ಚೀಟಿ ಎಸೆಯುತ್ತಿದ್ದರು. ಹಾಗಾಗಿ ಉಳಿದದ್ದು ಕಡಿಮೆ. ನನಗೆ ಚೀಟಿ ಬೇಕಾಗುವುದು ಬೇರೆ ಕಾರಣಕ್ಕೆ: ಪೇಪರ್ ಯಾವಾಗ ಇಡಬೇಕು, ಅಂಟು ಯಾವ ಕಡೆಗೆ, ಪಟ್ಟಿಯಲ್ಲಿ ಎಷ್ಟು ಹಳ್ಳ ಬೀಳಬೇಕು ಎಂದು ಅದರಲ್ಲಿ ಚಿತ್ರ ಸಮೇತ ಇರುತ್ತದೆ. ಚೀಟಿಯನ್ನು ಲ್ಯಾಮಿನೇಟ್ ಮಾಡಬೇಡಿ. ಆಮ್ಲರಹಿತ ಕಾಗದದ ನಡುವೆ ಇಟ್ಟು, ಫೋಟೋ ತೆಗೆದುಕೊಂಡು, ಮತ್ತೆ ಮತ್ತೆ ಮಡಿಸುವುದನ್ನು ಬಿಡಿ.

ಸಂಗ್ರಹದ ದಾಖಲೆ ಹೇಗೆ ಇಡ್ತೀರಾ?

ಒಂದೊಂದಕ್ಕೂ ಒಂದು ಹಾಳೆ. ಅಳತೆ, ಬರಹಗಳು ಇದ್ದದ್ದು ಇದ್ದ ಹಾಗೇ, ಪಟ್ಟಿಯ ಉದ್ದಗಲ, ಮೂಲವೋ ಹೊಸದೋ, ಎಲ್ಲಿ ಯಾರಿಂದ ಬಂತು. ತೆರೆದದ್ದು, ಅರ್ಧ ಮುಚ್ಚಿದ್ದು, ಮುಚ್ಚಿದ್ದು ಎಂದು ಮೂರು ಫೋಟೋ. ಮಾರಿದವರು ಹೇಳಿದ ಸಣ್ಣ ಮಾತನ್ನೂ ಬರೆದುಕೊಳ್ಳಿ. ಒಬ್ಬ ಅಜ್ಜಿ ನನಗೆ ಕೊಟ್ಟ ಡಬ್ಬಿಯ ಮುಚ್ಚಳದಲ್ಲಿ ಒಂದು ಕಡೆ ಮಾತ್ರ ಆಳವಾದ ಗೀರುಗಳಿದ್ದವು. ಯಜಮಾನರು ಎಡಗೈಯವರಾಗಿದ್ದರು ಎಂದು ಅವರು ಹೇಳಿರದಿದ್ದರೆ ನಾನು ಅದನ್ನು ಹಾನಿ ಎಂದೇ ಬರೆದಿಡುತ್ತಿದ್ದೆ.

ಮುಂದೆ ಬೇರೆಯವ್ರಿಗೆ ಕೊಡುವಾಗ ಏನೇನು ಜೊತೆಗೆ ಕೊಡಬೇಕು?

ಮಷೀನಿನ ಹಾಳೆ, ಫೋಟೋಗಳು, ಪೇಟೆಂಟ್ ಚಿತ್ರ ಸಿಕ್ಕಿದ್ದರೆ ಅದರ ಪ್ರತಿ. ನೀವು ಮಾಡಿದ ರಿಪೇರಿ ಯಾವುದು, ಮೂಲ ಯಾವುದು ಎಂದು ಸ್ಪಷ್ಟವಾಗಿ ಬರೆದು ಕೊಡಿ. ಸಾಗಿಸುವಾಗ ಅರ್ಧ ತೆರೆದ ಮುಚ್ಚಳದ ನಡುವೆ ಮೆತ್ತನೆ ಕಾಗದ ಇಡಿ, ಪಟ್ಟಿಯ ಮೇಲೆ ಭಾರ ಬೀಳದಿರಲಿ. ಹಳೇ ಪಟ್ಟಿಯ ಲಕೋಟೆಯನ್ನು ಮರೆಯದೆ ಅದೇ ಪೆಟ್ಟಿಗೆಯಲ್ಲಿ ಹಾಕಿ.